ಕಾಮಿಕ್ಸ್ ಮೇಳದಲ್ಲಿ ಮಗಳು ಮಾತಾಡಿದ್ದು

ನಮ್ಮ ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂದು ನಮಗೆ ಖಚಿತವಾಗುವಷ್ಟರಲ್ಲಿ ಅವಳು ಓಡಾಡುವ ಕೂಸಾಗಿದ್ದಳು. ಆಗ ನಾವು ಸಿಂಗಸಂದ್ರದ ಒಂದು ವಠಾರದಲ್ಲಿದ್ದೆವು. ಗದಗ ಜಿಲ್ಲೆಯಿಂದ ಬಂದ ನನಗೆ ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಒಂದು ದಿನ ಬಚ್ಚಲ ಹತ್ತಿರ ಇಟ್ಟಿದ್ದ ತಗಡಿನ ಡ್ರಮ್ಮು ಉರುಳಿ ಬಿದ್ದು ವಠಾರದವರೆಲ್ಲ ಹೊರಗೆ ಓಡಿ ಬಂದರು. ಡ್ರಮ್ಮಿನ ಕಡೆ ಬೆನ್ನು ಮಾಡಿ ಕೂತಿದ್ದ ಮಗು ಮಾತ್ರ ತಿರುಗಿ ನೋಡಲಿಲ್ಲ, ಕೈಯಲ್ಲಿದ್ದ ಚಮಚೆಯಿಂದ ಮಣ್ಣು ಕೆದರುತ್ತಲೇ ಇತ್ತು. ನನ್ನ ಹೆಂಡತಿ ಅಲ್ಲೇ ನಿಂತು ಅದನ್ನು ನೋಡಿದಳು. ಅವತ್ತಿನಿಂದ ಅವಳ ಬದುಕಿನ ಕೆಲಸ ಒಂದೇ ಆಯಿತು.

ಆಸ್ಪತ್ರೆ, ಪರೀಕ್ಷೆ, ಕಿವಿ ಮಷಿನ್ ಎಲ್ಲ ಆದ ಮೇಲೆ ಒಬ್ಬ ಸ್ಪೀಚ್ ಮೇಡಂ ಹತ್ತಿರ ಕಳಿಸಿದರು. ಒಳ್ಳೆಯ ಹೆಂಗಸು, ಬಹಳ ತಾಳ್ಮೆಯವರು. ಮೊದಲನೇ ದಿನವೇ ಅವರು ನನ್ನ ಹೆಂಡತಿಗೆ ಹೇಳಿದ್ದು ಇಷ್ಟು: "ನೋಡಮ್ಮ, ಕೈ ಸನ್ನೆ ಮಾಡಬಾರದು. ಕೈಯಲ್ಲಿ ತೋರಿಸಿದ್ರೆ ಮಗು ಬಾಯಿ ಬಿಡಲ್ಲ. ನೀರು ಬೇಕಾದ್ರೆ ನೀರು ಅಂತ ಅನ್ನಬೇಕು, ಆಮೇಲೇ ನೀರು ಕೊಡಬೇಕು."

ಹೆಂಡತಿ ಆ ಮಾತನ್ನು ವ್ರತದ ಹಾಗೆ ಹಿಡಿದಳು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಕನ್ನಡಿಯ ಮುಂದೆ ಮಗುವನ್ನು ಕೂರಿಸಿಕೊಳ್ಳುವಳು. ತುಟಿಯ ಮುಂದೆ ಒಂದು ಕಾಗದದ ಚೂರು ಹಿಡಿದು "ಪ" ಅನ್ನುವಳು, ಕಾಗದ ಅಲುಗುವುದು. ಮಗುವಿನ ಕೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು "ಅವ್ವ" ಅನ್ನುವಳು. ಗಂಟಲು ಅದುರುವುದನ್ನು ಮಗು ಬೆರಳಲ್ಲಿ ತಿಳಿದು ತನ್ನ ಗಂಟಲನ್ನೂ ಹಾಗೆ ಅದುರಿಸಬೇಕು. ತಿಂಗಳುಗಟ್ಟಲೆ ಬರೀ ಗಾಳಿ ಬಂತು. ಒಂದು ಸಂಜೆ ನಾನು ಶಿಫ್ಟ್ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ "ಅವ್ವ" ಎಂಬ ಸದ್ದು ಬಂತು. ಒಡೆದ ಸದ್ದು, ಆದರೂ ಅದೇ ಮಾತು. ಹೆಂಡತಿ ಅಳಲಿಲ್ಲ. "ಇನ್ನೊಮ್ಮೆ ಅನ್ನು" ಎಂದಳು.

ಊರಿನಿಂದ ಯಾರಾದರೂ ಬಂದು ಮಗುವಿಗೆ ಕೈಯಾಡಿಸಿ ತೋರಿಸಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಕೈ ಕೆಳಗ ಇಡ್ರಿ, ಬಾಯಿಲೆ ಹೇಳ್ರಿ" ಅನ್ನುವಳು. ತನ್ನ ಕೈ ತಾನಾಗಿ ಎದ್ದೀತೆಂದು ಪಾಠದ ಹೊತ್ತಿನಲ್ಲಿ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ನನಗೆ ಅಷ್ಟು ಕಟ್ಟುನಿಟ್ಟು ಸಾಧ್ಯವಾಗಲಿಲ್ಲ. ಸ್ಕೂಟರಿನಲ್ಲಿ ಹಿಂದೆ ಕೂತ ಮಗಳು ನನ್ನ ಬೆನ್ನನ್ನು ತಟ್ಟಿದರೆ ನಿಲ್ಲಿಸು ಎಂದು ಅರ್ಥ, ಅಂಗಿ ಎಳೆದರೆ ಅಂಗಡಿ ಬಂತು ಎಂದು ಅರ್ಥ. ಅಂಥವು ಒಂದಷ್ಟು ನಮ್ಮಿಬ್ಬರ ನಡುವೆ ಬೆಳೆದಿದ್ದವು. ಹೆಂಡತಿಗೂ ಅದು ಗೊತ್ತಿತ್ತು, ನೋಡಿಯೂ ನೋಡದಂತೆ ಇರುತ್ತಿದ್ದಳು.

ಅವಳನ್ನು ಎಲ್ಲರ ಹಾಗೆ ಹತ್ತಿರದ ಶಾಲೆಗೇ ಹಾಕಿದೆವು. ಮೊದಲ ಬೆಂಚು ಕೊಟ್ಟರು. ಪ್ರತಿ ವರ್ಷ ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಟೀಚರು ಒಂದೇ ಮಾತು ಹೇಳುತ್ತಿದ್ದರು: "ತುಂಬಾ ಒಳ್ಳೆ ಹುಡುಗಿ. ಒಂದ್ಚೂರೂ ಗಲಾಟೆ ಇಲ್ಲ." ಬರವಣಿಗೆ ಚೆನ್ನಾಗಿತ್ತು, ಲೆಕ್ಕ ಚೆನ್ನಾಗಿತ್ತು. ಸಂಜೆ ಮನೆಯಲ್ಲಿ ಪ್ರಶ್ನೋತ್ತರ ನಡೆಯುತ್ತಿತ್ತು. "ನಿನ್ನ ಹೆಸರೇನು? ನಿಮ್ಮಪ್ಪ ಎಲ್ಲಿ ಕೆಲಸ ಮಾಡ್ತಾರ? ನಿನ್ನ ಗೆಳತಿ ಯಾರು?" ಮಗಳು ತಾಯಿಯ ತುಟಿ ನೋಡಿ ಒಂದೊಂದಕ್ಕೂ ಉತ್ತರ ಹೇಳುವಳು. ಗೆಳತಿ ಯಾರು ಎಂದಾಗ ಪಕ್ಕದಲ್ಲಿ ಕೂರುವ ಹುಡುಗಿಯ ಹೆಸರು ಹೇಳುವಳು. ಕಷ್ಟದ ಹೆಸರು ಅದು, ಅದರಲ್ಲೊಂದು ಒತ್ತಕ್ಷರ ಇತ್ತು. ಅದನ್ನು ಸರಿಯಾಗಿ ಅನ್ನಿಸಲು ಹೆಂಡತಿಗೆ ಒಂದು ಮಳೆಗಾಲವೇ ಹಿಡಿದಿತ್ತು.

ಅವಳು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಲಿನ ಮನೆಯಲ್ಲಿದ್ದ ಹುಡುಗರು ಖಾಲಿ ಮಾಡಿಕೊಂಡು ಹೋದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದವರು. ಹಳೆ ಪೇಪರಿನವನಿಗೆ ಹಾಕಿ ಎಂದು ಒಂದು ರಟ್ಟಿನ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗೆ ಬಿಟ್ಟಿದ್ದರು. ಅದರ ತುಂಬ ಕಾಮಿಕ್ಸ್ ಪುಸ್ತಕಗಳು, ಹೆಚ್ಚಿನವು ಇಂಗ್ಲಿಷಿನವು, ತಳದಲ್ಲಿ ಕೆಲವು ಕನ್ನಡದವೂ ಇದ್ದವು. ಮಗಳು ಪೆಟ್ಟಿಗೆಯನ್ನು ಎಳೆದುಕೊಂಡು ಒಳಗೆ ತಂದಳು. ಅವತ್ತಿನಿಂದ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ, ಹೋಗಿ ಭುಜ ಮುಟ್ಟಬೇಕಿತ್ತು.

ಚಿತ್ರದೊಳಗೆ ಯಾರು ಮಾತಾಡುತ್ತಾರೋ ಅವರ ತಲೆಯ ಮೇಲೆ ಒಂದು ಗುಳ್ಳೆಯೊಳಗೆ ಮಾತು ಬರೆದಿರುತ್ತದೆ. ಕಿರುಚಿದರೆ ಅಕ್ಷರ ದಪ್ಪಗಾಗುತ್ತದೆ, ಪಿಸುಗುಟ್ಟಿದರೆ ಗುಳ್ಳೆಯ ಗೆರೆ ಚುಕ್ಕಿಯಾಗುತ್ತದೆ. ಬಾಗಿಲು ಬಡಿದ ಸದ್ದನ್ನೂ ಅಲ್ಲೇ ಬರೆದಿರುತ್ತಾರೆ. ಅವಳು ಯಾಕೆ ಅದಕ್ಕೆ ಅಂಟಿಕೊಂಡಳು ಎಂದು ನನಗೆ ನಿಧಾನವಾಗಿ ಹೊಳೆಯಿತು. ಯಾರು ಯಾವಾಗ ಮಾತಾಡಿದರು ಎಂದು ಅವಳಿಗೆ ತಪ್ಪದೆ ತಿಳಿಯುತ್ತಿದ್ದ ಜಾಗ ಅದೊಂದೇ. ಸ್ವಲ್ಪ ದಿನಕ್ಕೆ ತಾನೂ ಅಂಥ ಚಿತ್ರ ಬರೆಯತೊಡಗಿದಳು.

ಮರುವರ್ಷ ಚಳಿಗಾಲದಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಬುತ್ತಿ ಬಿಚ್ಚಿದಾಗ ಡಬ್ಬಿಯ ಕೆಳಗೆ ಮಡಿಸಿಟ್ಟ ಪೇಪರಿನ ತುಂಡು ಸಿಕ್ಕಿತು. ವೈಟ್‌ಫೀಲ್ಡಿನಲ್ಲಿ ಶನಿವಾರ ಭಾನುವಾರ ದೊಡ್ಡ ಕಾಮಿಕ್ಸ್ ಮೇಳ ಎಂದು ಜಾಹೀರಾತು. ಅಂಚಿನಲ್ಲಿ ಅವಳ ಅಕ್ಷರದಲ್ಲಿ "ಅಪ್ಪ" ಎಂದಷ್ಟೇ ಬರೆದಿತ್ತು. ಸೂಪರ್‌ವೈಸರ್ ಹತ್ತಿರ ಹೋಗಿ ಶನಿವಾರದ ಶಿಫ್ಟ್ ಬದಲಿಸಿಕೊಂಡೆ. ಹೆಂಡತಿಯ ತಂಗಿ ಅಲ್ಲೇ ಹತ್ತಿರದ ಕಾಡುಗೋಡಿಯಲ್ಲಿದ್ದಳು, ಅವಳ ಗಂಡ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಹಾಕುವ ಕೆಲಸದವನು. ಬಹಳ ದಿನದಿಂದ ಬನ್ನಿ ಬನ್ನಿ ಎನ್ನುತ್ತಿದ್ದಳು. ಶನಿವಾರ ಮೇಳ ನೋಡಿ, ರಾತ್ರಿ ಅವಳ ಮನೆಯಲ್ಲಿದ್ದು, ಭಾನುವಾರ ವಾಪಸ್ಸು ಎಂದು ಹೊರಟೆವು.

ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಬದಲಿಸಿ, ಮಾರತಹಳ್ಳಿ ದಾಟಿ ಹೋಗುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು. ಮೇಳ ನಡೆಯುತ್ತಿದ್ದ ಶೆಡ್ಡು ನನಗೆ ಗೊತ್ತಿದ್ದದ್ದೇ. ಒಮ್ಮೆ ಕಂಪನಿಯವರು ಪ್ಯಾಕಿಂಗ್ ಮಷಿನ್ನುಗಳ ಪ್ರದರ್ಶನ ನೋಡಿ ಬನ್ನಿ ಎಂದು ನಮ್ಮನ್ನು ಅಲ್ಲಿಗೆ ಕಳಿಸಿದ್ದರು. ಅವತ್ತು ಮಷಿನ್ನುಗಳಿದ್ದ ಜಾಗದಲ್ಲಿ ಈಗ ಕಾಮಿಕ್ಸ್ ಪಾತ್ರಗಳ ವೇಷ ಹಾಕಿದ ಜನ. ಬಣ್ಣಬಣ್ಣದ ಟೋಪನ್ ಕೂದಲು, ರಟ್ಟಿನ ಕವಚ, ಥರ್ಮಾಕೋಲಿನ ಕತ್ತಿ, ಬೆನ್ನಿಗೆ ರೆಕ್ಕೆ. ಕೈಗೊಂದು ಪಟ್ಟಿ ಕಟ್ಟಿ, ಒಂದು ಪುಸ್ತಕ ಕೊಟ್ಟು ಒಳಗೆ ಬಿಟ್ಟರು. ವೇದಿಕೆಯ ಮೇಲೆ ಒಬ್ಬ ಮೈಕಿನಲ್ಲಿ ಕೂಗುತ್ತಿದ್ದ, ತಗಡಿನ ಮಾಡಿಗೆ ಬಡಿದು ಅದು ದುಪ್ಪಟ್ಟಾಗುತ್ತಿತ್ತು. ನನಗೇ ತಲೆ ಚಿಟ್ಟು ಹಿಡಿಯಿತು. ಕಿವಿ ಮಷಿನ್ನಿನಲ್ಲಿ ಅದು ಹೇಗೆ ಕೇಳುತ್ತಿತ್ತೋ. ಮಗಳು ಅದನ್ನು ತೆಗೆಯಲು ಕೈ ಎತ್ತಿದಳು.

"ತೆಗೀಬ್ಯಾಡ" ಎಂದಳು ಹೆಂಡತಿ, ಮುಖ ಅವಳ ಎದುರಿಗೆ ತಂದು. ಮಗಳು ಕೈ ಇಳಿಸಿದಳು.

ಸ್ವಲ್ಪ ಮುಂದೆ ಹೋದಾಗ ಹಸಿರು ಟೋಪನ್ನಿನ ಒಬ್ಬಳು ಕಾಲೇಜು ಹುಡುಗಿ ನಮ್ಮನ್ನು ತಡೆದು, ಮಗಳ ಕಿವಿಯ ಹಿಂದಿನ ಮಷಿನ್ನು ತೋರಿಸಿ, "ಸೂಪರ್ ಆಗಿದೆ! ನೀವೇ ಮಾಡಿದ್ದಾ?" ಎಂದು ಕೇಳಿದಳು. ವೇಷದ ಭಾಗ ಅಂದುಕೊಂಡಿದ್ದಳು. ಮಗಳು ಹುಡುಗಿಯ ತುಟಿಯನ್ನೂ ಮೇಲೆತ್ತಿದ ಹೆಬ್ಬೆರಳನ್ನೂ ನೋಡಿ ತಾನೂ ಹೆಬ್ಬೆರಳು ಎತ್ತಿದಳು. ಬಸ್ಸಿನಲ್ಲಿ, ಶಾಲೆಯ ಗೇಟಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಹೋದರೂ ಜನ ಮೊದಲು ಅವಳ ಕಿವಿ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಮೇಳದಲ್ಲಿ ಎಲ್ಲರ ತಲೆಯ ಮೇಲೂ ಏನಾದರೊಂದು ಇತ್ತು.

ಶೆಡ್ಡಿನ ಕೊನೆಯ ಸಾಲಿನಲ್ಲಿ ತಾವೇ ಬರೆದು ತಾವೇ ಅಚ್ಚು ಹಾಕಿಸಿದವರ ಚಿಕ್ಕ ಮೇಜುಗಳಿದ್ದವು. ಅಲ್ಲಿ ಜನ ಕಡಿಮೆ. ಒಂದು ಮೇಜಿನ ಹಿಂದೆ ಇಪ್ಪತ್ತೈದರ ಆಸುಪಾಸಿನ ಯುವಕ ತಲೆ ಬಗ್ಗಿಸಿ ಚಿತ್ರ ಬರೆಯುತ್ತಿದ್ದ. ಪಕ್ಕದಲ್ಲಿ ವಯಸ್ಸಾದ ಒಬ್ಬ ಹೆಂಗಸು ಚಿಲ್ಲರೆ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮೇಜಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ರಟ್ಟು: "ನನಗೆ ಕಿವಿ ಕೇಳಿಸುವುದಿಲ್ಲ. ಬರೆದು ಕೇಳಿ."

ಮಗಳು ಅದನ್ನು ಓದಿ ನಿಂತುಬಿಟ್ಟಳು. ಹಿಂದಿನಿಂದ ಬಂದವರು ತಳ್ಳಿಕೊಂಡು ಹೋದರೂ ಕದಲಲಿಲ್ಲ. ಯುವಕ ತಲೆ ಎತ್ತಿದ. ಅವಳು ಆ ರಟ್ಟನ್ನು ಮುಟ್ಟಿ, ತನ್ನ ಕಿವಿಯನ್ನು ಮುಟ್ಟಿಕೊಂಡಳು. ಅವನ ಮುಖ ಬದಲಾಯಿತು. ಪೆನ್ಸಿಲ್ ಕೆಳಗಿಟ್ಟು ಎರಡು ಕೈಯಿಂದ ಏನೋ ಕೇಳಿದ. ಅವಳಿಗೆ ಅರ್ಥವಾಗಲಿಲ್ಲ. ಅವನು ಇನ್ನೂ ನಿಧಾನವಾಗಿ, ಚಿಕ್ಕ ಮಗುವಿಗೆ ತೋರಿಸುವಂತೆ ಬೇರೆ ರೀತಿ ತೋರಿಸಿದ. ಆಗಲೂ ತಿಳಿಯದಾಗ ಕಾಗದ ಎಳೆದುಕೊಂಡು ಒಂದು ಚೌಕ ಬರೆದು ಅದರೊಳಗೆ ಒಂದು ಮನೆ, ಒಂದು ಬಸ್ಸು ಬರೆದ. ಎಲ್ಲಿಂದ ಬಂದೆ ಎಂದು ಕೇಳುತ್ತಿದ್ದಾನೆ ಎಂದು ನನಗೂ ತಿಳಿಯಿತು. ಅವಳು ಪೆನ್ಸಿಲ್ ತೆಗೆದುಕೊಂಡು ಪಕ್ಕದ ಚೌಕದಲ್ಲಿ ನಮ್ಮ ವಠಾರ, ಸಿಂಗಸಂದ್ರದ ಬಸ್ ಸ್ಟಾಪು, ಹೊಸೂರು ರಸ್ತೆಯ ಲಾರಿ ಸಾಲು ಬರೆದಳು.

ಆಮೇಲೆ ನಡೆದದ್ದನ್ನು ನಾನು ಮೊದಲು ಎಲ್ಲೂ ನೋಡಿರಲಿಲ್ಲ. ಅರ್ಧ ಕೈ, ಅರ್ಧ ಪೆನ್ಸಿಲ್. ಅವನು ಒಂದು ಸನ್ನೆ ಮಾಡಿ ಅದರ ಚಿತ್ರ ಬರೆಯುವನು, ಅವಳು ಚಿತ್ರ ನೋಡಿ ಸನ್ನೆ ಕಲಿಯುವಳು, ಮುಂದಿನ ಸಲ ಬರೀ ಸನ್ನೆ ಸಾಕು. ಸ್ಕೂಟರಿನಲ್ಲಿ ನನ್ನ ಬೆನ್ನ ಮೇಲೆ ಬಡಿಯುತ್ತಿದ್ದ ಸನ್ನೆಗಳೂ ಅವುಗಳ ನಡುವೆ ಸೇರಿಕೊಂಡವು. ಅವಳ ಹುಬ್ಬು, ಭುಜ, ಬೆನ್ನು ಎಲ್ಲ ಮಾತಾಡುತ್ತಿತ್ತು. ಒಮ್ಮೆ ಅವನು ಏನೋ ತಮಾಷೆ ಮಾಡಿದನೆಂದು ಕಾಣುತ್ತದೆ, ಜೋರಾಗಿ ನಕ್ಕಳು. ಮನೆಯಲ್ಲಿ ಅವಳು ನಗುತ್ತಿದ್ದದ್ದು ನಾವು ನಕ್ಕಿದ್ದನ್ನು ನೋಡಿ. ಇಲ್ಲಿ ಮೊದಲು ನಕ್ಕವಳು ಅವಳೇ.

ಆ ಹೆಂಗಸು ಯುವಕನ ತಾಯಿ. ಅವರ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾಗಿದ್ದರು, ಮನೆ ಪೀಣ್ಯದ ಕಡೆ. ನಮಗೆ ಎರಡು ಪ್ಲಾಸ್ಟಿಕ್ ಕುರ್ಚಿ ತರಿಸಿಕೊಟ್ಟರು. ಮಾತಾಡುವಾಗ ಅವರ ಕೈಯೂ ಆಡುತ್ತಿತ್ತು, ನಮ್ಮ ಜೊತೆ ಮಾತಾಡುತ್ತಿರುವಾಗಲೂ.

"ಸೈನ್ ಭಾಷೆ ಎಲ್ಲಿ ಕಲೀತಿದಾಳೆ ಮಗು?" ಎಂದು ಕೇಳಿದರು.

"ಕಲಿಸಿಲ್ರಿ" ಎಂದಳು ಹೆಂಡತಿ. "ಬಾಯಿಲೆ ಮಾತಾಡ್ತಾಳ."

"ಒಂದೂ ಕಲಿಸಿಲ್ವಾ?" ಅವರು ಮಗಳನ್ನು ನೋಡಿದರು. ಬೇಕೆಂದೇ ನೋಯಿಸುವವರಲ್ಲ ಅವರು. ಯೋಚಿಸದೆ ಬಾಯಿಗೆ ಬಂದದ್ದನ್ನು ಹೇಳುವವರು. "ಅಯ್ಯೋ ಪಾಪ. ಇಷ್ಟು ದೊಡ್ಡವಳಾಗಿದಾಳೆ, ಈ ಮಗುಗೆ ಒಂದು ಭಾಷೇನೇ ಕೊಟ್ಟಿಲ್ವಲ್ರೀ ನೀವು."

ಹೆಂಡತಿ ಅವರ ಕಡೆ ತಿರುಗಿದಳು. "ಭಾಷಾ ಕೊಟ್ಟಿಲ್ಲ ಅಂತೀರೇನ್ರಿ? ನನ್ನ ಗಂಟಲ ಹಿಡಿಸಿ ಹಿಡಿಸಿ ಕಲಿಸೇನಿ ನಾನು." ಎದ್ದು ಮಗಳ ಭುಜ ಹಿಡಿದು ತಿರುಗಿಸಿದಳು. "ಅಮ್ಮಾರಿಗೆ ನಮಸ್ಕಾರ ಹೇಳು. ನಿನ್ನ ಹೆಸರು ಹೇಳು. ಜೋರಾಗಿ."

ಮಗಳು ತಾಯಿಯ ತುಟಿ ನೋಡಿದಳು, ಯುವಕನನ್ನು ನೋಡಿದಳು, ತಲೆ ಬಗ್ಗಿಸಿದಳು. ಆಮೇಲೆ ಕಲಿಸಿದಂತೆ, ಒಂದೊಂದು ಅಕ್ಷರವನ್ನೂ ಎತ್ತಿ ಎತ್ತಿ ಇಟ್ಟಂತೆ, ನಮಸ್ಕಾರ ಹೇಳಿ ಹೆಸರು ಹೇಳಿದಳು. ನನಗೆ ಸ್ಪಷ್ಟವಾಗಿ ಕೇಳಿತು. ಹೆಂಡತಿಗೆ ಸ್ಪಷ್ಟವಾಗಿ ಕೇಳಿತು.

ಆ ಹೆಂಗಸು ಮುಂದೆ ಬಗ್ಗಿ, ನಿಜವಾಗಿಯೂ ತಿಳಿಯದೆ, ನನ್ನನ್ನು ಕೇಳಿದರು: "ಏನಂದ್ಲು?"

ಹೆಂಡತಿ ಬ್ಯಾಗು ತೆಗೆದುಕೊಂಡು ಮಗಳ ಕೈ ಹಿಡಿದು ನಡೆದುಬಿಟ್ಟಳು. ಮಗಳು ಎಳೆತಕ್ಕೆ ಸಿಕ್ಕು ಹಿಂದೆ ತಿರುಗಿ ತಿರುಗಿ ನೋಡುತ್ತ ಹೋದಳು. ಅವರಿಬ್ಬರೂ ಬರೆದಿದ್ದ ಕಾಗದವನ್ನು ಯುವಕ ನನ್ನ ಕೈಗೆ ಕೊಟ್ಟ. ಅವನ ತಾಯಿ "ನಾನು ಹಂಗಲ್ಲ ಅಂದಿದ್ದು, ಸಾರ್" ಎನ್ನುತ್ತಿದ್ದರು. ನಾನು ಕೈಮುಗಿದು ಹೆಂಡತಿಯ ಹಿಂದೆ ಓಡಿದೆ.

ಕಾಡುಗೋಡಿಯ ಮನೆಯಲ್ಲಿ ನಾದಿನಿ "ಹೆಂಗಿತ್ತಕ್ಕಾ ಜಾತ್ರಿ?" ಎಂದು ಕೇಳಿ, ನಮ್ಮ ಮುಖ ನೋಡಿ ನೀರು ತರಲು ಒಳಗೆ ಹೋದಳು. ಅವರೆಕಾಯಿ ಕಾಲ. ಹೆಂಡತಿ ಒಂದು ಮೊರ ಎಳೆದುಕೊಂಡು ಕಾಯಿ ಸುಲಿಯುತ್ತ ಕೂತಳು, ಸುಲಿದದ್ದೆಲ್ಲ ಮುಗಿದ ಮೇಲೂ ಸಿಪ್ಪೆಯೊಳಗೆ ಕೈಯಾಡಿಸುತ್ತ ಕೂತಿದ್ದಳು. ಮಗಳು ಕಿವಿ ಮಷಿನ್ನು ತೆಗೆದು ಡಬ್ಬಿಯಲ್ಲಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅದನ್ನು ತೆಗೆದರೆ, ಕಣ್ಣು ಮುಚ್ಚಿದರೆ, ನಾವು ಅವಳಿಗೆ ಏನನ್ನೂ ಹೇಳುವ ದಾರಿ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಆ ಹೆಣ್ಮಗಳು ಅಂದಿದ್ದು ಖರೇನ?" ಎಂದು ಹೆಂಡತಿ ನನ್ನನ್ನು ಕೇಳಿದಳು.

ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. "ಮಗಳು ನಕ್ಕಿದ್ದು ನೋಡಿದ್ಯಾ?" ಎಂದೆ.

"ನೋಡೀನಿ" ಎಂದಳು. ಅಷ್ಟೇ.

ಭಾನುವಾರ ಬೆಳಿಗ್ಗೆ ಹೆಂಡತಿ ಕಿಟಕಿಯ ಹತ್ತಿರ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಊಟ ಮಾಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು ಆಗಿತ್ತು. ಮಗಳು ಸ್ನಾನ ಮಾಡಿ ಬಂದು, ಮಷಿನ್ನು ಹಾಕಿಕೊಂಡು, ತಾಯಿಯ ಎದುರಿಗೆ ಚಕ್ಕಳ ಮಕ್ಕಳ ಹಾಕಿ ಕೂತಳು. ತಾಯಿಯ ಕೈಯಿಂದ ಬಾಚಣಿಗೆ ತೆಗೆದಿಟ್ಟಳು. ಆ ಕೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡಳು.

"ಅವ್ವ" ಎಂದಳು. ಉಸಿರು ತೆಗೆದುಕೊಂಡಳು. "ನಾ ಅಲ್ಲಿ ಹೋಗ್ತೀನಿ. ಅಲ್ಲಿ ನನಗ ತಿಳೀತು. ಎಲ್ಲಾ ತಿಳೀತು."

ಯಾರೂ ಹೇಳಿಕೊಡದೆ ಅವಳು ತಾನಾಗಿ ಜೋಡಿಸಿದ ಅಷ್ಟು ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾದಿನಿಗೆ ಅರ್ಥವಾಗಲಿಲ್ಲ, "ಏನಂತ?" ಎಂದು ನನ್ನತ್ತ ನೋಡಿದಳು. ಹೆಂಡತಿಯ ಕೈ ಇನ್ನೂ ಮಗಳ ಗಂಟಲ ಮೇಲೇ ಇತ್ತು. ಆಮೇಲೆ ಜಡೆ ಹಾಕದೆ ಕೂದಲನ್ನು ಗಂಟು ಕಟ್ಟಿ ಎದ್ದಳು.

"ನಡೀರಿ" ಎಂದಳು ನನಗೆ. "ರೊಟ್ಟಿ ಕಟ್ಟಿಕೊಡು" ಎಂದಳು ತಂಗಿಗೆ.

ಎರಡನೇ ದಿನ ಜನ ಇನ್ನೂ ಹೆಚ್ಚು. ಮಗಳು ನಮ್ಮನ್ನು ಎಳೆದುಕೊಂಡು ನೇರವಾಗಿ ಕೊನೆಯ ಸಾಲಿಗೆ ಹೋದಳು. ಯುವಕ ಅವಳನ್ನು ಕಂಡು ಎರಡು ಕೈ ಎತ್ತಿ ಆಡಿಸಿದ, ಮೇಜಿನ ಆಚೆ ತನ್ನ ಪಕ್ಕದಲ್ಲೇ ಜಾಗ ಮಾಡಿಕೊಟ್ಟ. ಅವನ ತಾಯಿ ಎದ್ದು ನಿಂತರು.

"ನಿನ್ನೆ ನನ್ನ ಬಾಯಿ ಜಾಸ್ತಿ ಆಯ್ತು. ತಪ್ಪು ತಿಳ್ಕೋಬೇಡಿ ಕಣ್ರೀ. ರಾತ್ರಿಯೆಲ್ಲ ಅದೇ ಯೋಚನೆ ನಂಗೆ."

"ಇರಲಿ ಬಿಡ್ರಿ" ಎಂದು ಹೆಂಡತಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಮೇಜಿನ ಮೇಲಿಟ್ಟಳು. ಇಬ್ಬರೂ ಪಕ್ಕಪಕ್ಕ ಕೂತರು. ಆ ತಾಯಿ ತನ್ನ ಮಗನ ಕಥೆ ಹೇಳಿದರು. ಅವನನ್ನೂ ಬಾಯಿಯ ಶಾಲೆಗೇ ಹಾಕಿದ್ದರಂತೆ, ಅವನಿಗೆ ಬಾಯಿ ಬರಲೇ ಇಲ್ಲವಂತೆ. "ನಿಮ್ಮ ಹುಡುಗಿ ಅಷ್ಟಾದ್ರೂ ಅಂತಾಳೆ. ನಮ್ಮವನು ಅಮ್ಮ ಅಂತ ಕೂಡ ಅನ್ನಲಿಲ್ಲ. ನಂಗೆ ಬೇರೆ ದಾರಿನೇ ಇರಲಿಲ್ಲ, ಕೈ ಕಲಿತೆ." ಹೆಂಡತಿ ಕೇಳುತ್ತ ಕೂತಳು. ಕೈಗಳು ಮಡಿಲಲ್ಲಿದ್ದವು.

ಎಷ್ಟೋ ಹೊತ್ತಿನ ಮೇಲೆ ಹೆಂಡತಿ ಕೇಳಿದಳು: "ನನ್ನ ಮಗಳಿಗೆ ಒಂದು ಮಾತು ಕೇಳಬೇಕಾಗೈತಿ. ಕೈಯಾಗ ಹೆಂಗ ಕೇಳೋದು, ತೋರಸ್ತೀರೇನ್ರಿ?"

"ಏನ್ ಕೇಳ್ಬೇಕು?"

"ಸಾಲ್ಯಾಗ ನಿನ್ನ ಗೆಳತಿ ಯಾರು ಅಂತ."

ಅವರು ತೋರಿಸಿಕೊಟ್ಟರು. ಶಾಲೆ ಎಂಬುದಕ್ಕೆ ಒಂದು, ಎರಡು ಕೈ ಕೂಡಿಸಿ ಹಿಡಿದರೆ ಗೆಳತಿ, ಕೊನೆಗೆ ಯಾರು ಎಂಬುದಕ್ಕೆ ಒಂದು, ಜೊತೆಗೆ ಹುಬ್ಬು. ಹೆಂಡತಿ ಸೆರಗಿನ ಮರೆಯಲ್ಲಿ ಒಂದೆರಡು ಸಲ ಮಾಡಿ ನೋಡಿಕೊಂಡಳು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ನೋಡಿದಳು. ಆಮೇಲೆ ಹೋಗಿ ಮಗಳ ಮುಂದೆ ನಿಂತಳು.

ತಾಯಿಯ ಕೈ ಎದ್ದದ್ದನ್ನು ಕಂಡು ಮಗಳು ಮೊದಲು ಹೆದರಿದಳು. ಅವಳ ಕಣ್ಣು ಕೈಯಿಂದ ಮುಖಕ್ಕೆ, ಮುಖದಿಂದ ಕೈಗೆ ಹೋಯಿತು. ಶಾಲೆ, ಗೆಳತಿ, ಯಾರು. ನಿನ್ನೆಯಿಂದ ಆ ಯುವಕ ಕಲಿಸಿದ್ದರಲ್ಲಿ ಈ ಸನ್ನೆಗಳೂ ಇದ್ದಿರಬೇಕು. ಅರ್ಥವಾಗಿ ಬಾಯಿ ತೆರೆದಳು, ಅಭ್ಯಾಸದ ಉತ್ತರ ಹೇಳಲು. ಪಕ್ಕದಲ್ಲಿ ಕೂರುವ ಹುಡುಗಿಯ ಹೆಸರಿನ ಮೊದಲಕ್ಷರ ತುಟಿಯ ಮೇಲೆ ಬಂದೇಬಿಟ್ಟಿತ್ತು.

ಹೆಂಡತಿ ತಲೆಯಾಡಿಸಿದಳು. ಬಾಯಲ್ಲಿ ಬೇಡ ಎಂದು. ಮತ್ತೆ ಕೈಯಿಂದಲೇ ಕೇಳಿದಳು.

ಮಗಳು ಬಾಯಿ ಮುಚ್ಚಿದಳು. ಎರಡೂ ಅಂಗೈಯನ್ನು ಬಿಚ್ಚಿ ತೋರಿಸಿದಳು. ಖಾಲಿ.

ಅದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಹೆಂಡತಿಗೆ ಇನ್ನೇನು ಕೇಳಬೇಕೆಂದು ತಿಳಿಯಲಿಲ್ಲ. ಯಾಕೆ ಎಂದು ಕೇಳಲು ಬರುತ್ತಿರಲಿಲ್ಲ, ಯಾವಾಗಿನಿಂದ ಎಂದು ಕೇಳಲು ಬರುತ್ತಿರಲಿಲ್ಲ. ಗೊತ್ತಿದ್ದದ್ದು ಅದೊಂದೇ ಪ್ರಶ್ನೆ. ಅದನ್ನೇ ಇನ್ನೊಮ್ಮೆ ಕೇಳಿದಳು. ಮಗಳು ಮತ್ತೆ ಅಂಗೈ ತೋರಿಸಿದಳು, ಈ ಸಲ ಇನ್ನೂ ಮೆಲ್ಲಗೆ. ತಾಯಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡು ಕಾಗದ ತೆಗೆದುಕೊಂಡು ಬರೆದಳು. ಶಾಲೆಯ ಮೆಟ್ಟಿಲು. ಒಂದು ಕಡೆ ದುಂಡಗೆ ಕೂತು ಬುತ್ತಿ ಉಣ್ಣುತ್ತಿರುವ ಹುಡುಗಿಯರು, ಎಲ್ಲರ ತಲೆಯ ಮೇಲೆ ಮಾತಿನ ಗುಳ್ಳೆ, ಗುಳ್ಳೆಯೊಳಗೆ ಅಕ್ಷರ ಇಲ್ಲ, ಬರೀ ಗೀಚು. ಮೆಟ್ಟಿಲ ಕೊನೆಯಲ್ಲಿ ಡಬ್ಬಿ ಇಟ್ಟುಕೊಂಡು ಒಬ್ಬಳು.

ಹೆಸರು ಹೇಳು ಎಂದಾಗ ಹೆಸರು, ಅಪ್ಪ ಎಲ್ಲಿ ಎಂದಾಗ ಕಾರ್ಖಾನೆ, ಗೆಳತಿ ಯಾರು ಎಂದಾಗ ಆ ಒತ್ತಕ್ಷರದ ಹೆಸರು. ಅದು ಪಾಠದ ಉತ್ತರ ಎಂದು ಅವಳು ತಿಳಿದಿದ್ದಳು. ಸರಿಯಾಗಿ ಅಂದರೆ ಅವ್ವ ಸಂತೋಷಪಡುತ್ತಿದ್ದಳು, ಅದಕ್ಕೆ ಅನ್ನುತ್ತಿದ್ದಳು. ನಾವು ಅದನ್ನು ಅವಳ ಬದುಕಿನ ಸುದ್ದಿ ಎಂದು ತಿಳಿದಿದ್ದೆವು.

ಹೆಂಡತಿ ಆ ಜನರ ನಡುವೆ, ರೆಕ್ಕೆ ಕೊಂಬಿನವರು ಪಕ್ಕದಲ್ಲೇ ಫೋಟೋ ತೆಗೆಸಿಕೊಳ್ಳುತ್ತಿರುವಾಗ, ನೆಲದ ಮೇಲೆ ಕೂತುಬಿಟ್ಟಳು. ಮಗಳು ಮೇಜಿನ ಕೆಳಗಿನಿಂದ ತೂರಿ ಬಂದು ಅವಳ ಪಕ್ಕದಲ್ಲಿ ಕೂತಳು. ನಾನು ಇಬ್ಬರಿಗೂ ಅಡ್ಡ ನಿಂತೆ, ಓಡಾಡುವವರ ಕಾಲು ತಾಗದ ಹಾಗೆ.

ಅಲ್ಲಿಂದ ಮುಂದೆ ನಮ್ಮ ಭಾನುವಾರಗಳು ಬದಲಾದವು. ಸಿಂಗಸಂದ್ರದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಪೀಣ್ಯ. ಆ ತಾಯಿಯ ಮನೆಯ ಮಹಡಿಯ ಮೇಲೆ ಕಿವಿ ಕೇಳಿಸದ ಕೆಲವು ಮಕ್ಕಳು, ದೊಡ್ಡವರು ಸೇರುತ್ತಿದ್ದರು. ಹೆಂಡತಿ ಬೇಗ ಕಲಿತಳು. ಅಷ್ಟು ವರ್ಷ ತೊಡೆಯ ಕೆಳಗೆ ಇಟ್ಟುಕೊಂಡಿದ್ದ ಕೈ ಅವಸರದಲ್ಲಿದ್ದ ಹಾಗೆ ಕಲಿಯಿತು. ನಾನು ನಿಧಾನ. ಈಗಲೂ ಮಗಳು ನನ್ನ ಸನ್ನೆ ನೋಡಿ ಹುಬ್ಬು ಗಂಟಿಕ್ಕಿ, ನನ್ನ ಬೆರಳು ಹಿಡಿದು ಸರಿಮಾಡುತ್ತಾಳೆ. ಮುಂದಿನ ಜೂನಿನಲ್ಲಿ ಅವಳನ್ನು ಕಿವುಡ ಮಕ್ಕಳ ಶಾಲೆಗೆ ಸೇರಿಸಿದೆವು. ಸ್ಪೀಚ್ ಮೇಡಂ ಬಹಳ ನೊಂದುಕೊಂಡರು. "ಇಷ್ಟು ವರ್ಷದ ಕಷ್ಟ, ಎಲ್ಲಾ ಹೋಗ್ಬಿಡುತ್ತೆ ಅಮ್ಮ. ಮಾತು ನಿಂತೋಗುತ್ತೆ" ಎಂದರು.

ಅವರ ಮಾತು ಸುಳ್ಳಾಗಲಿಲ್ಲ. ಹೊಸ ಶಾಲೆಯಲ್ಲಿ ಯಾರಿಗೂ ಅವಳ ದನಿ ಬೇಕಾಗಿರಲಿಲ್ಲ. ಕನ್ನಡಿಯ ಮುಂದಿನ ಪಾಠ ವಾರಕ್ಕೊಮ್ಮೆ ಆಯಿತು, ಆಮೇಲೆ ನಿಂತಿತು. ಮೊದಲು ಒತ್ತಕ್ಷರಗಳು ಹೋದವು, ಆಮೇಲೆ ದೊಡ್ಡ ಮಾತುಗಳು. ಹತ್ತನೇ ಕ್ಲಾಸು ಮುಗಿಯುವಷ್ಟರಲ್ಲಿ ಅವಳು ದನಿ ಎತ್ತುವುದನ್ನೇ ಬಿಟ್ಟಳು. ಕಿವಿ ಮಷಿನ್ನನ್ನೂ ತಾನಾಗಿ ಡಬ್ಬಿಗೆ ಹಾಕಿಟ್ಟಳು. ಅಡಿಗೆ ಮನೆಯಲ್ಲಿ ಹೆಂಡತಿ ಬೆನ್ನು ತಿರುಗಿಸಿ ನಿಂತಿದ್ದರೆ, ಮೊದಲು ಹಿಂದಿನಿಂದ ಕೇಳುತ್ತಿದ್ದ ಆ ಒಡೆದ "ಅವ್ವ" ಈಗ ಇಲ್ಲ. ಮಗಳು ಬಂದು ಭುಜ ತಟ್ಟುತ್ತಾಳೆ, ಇಲ್ಲವೇ ಲೈಟನ್ನು ಆರಿಸಿ ಹಚ್ಚಿ ಕರೆಯುತ್ತಾಳೆ.

ಒಮ್ಮೆ ನಾನು ಕೇಳಿದೆ. ಮಗಳು ಆಗ ಕಾಲೇಜಿನಲ್ಲಿದ್ದಳು, ಅವತ್ತು ಮನೆಯಲ್ಲಿರಲಿಲ್ಲ. "ಆಕಿ ದನಿ ನೆನಪಾಗ್ತೈತೇನು ನಿನಗ?"

ಹೆಂಡತಿ ಅಕ್ಕಿ ಆರಿಸುತ್ತಿದ್ದಳು.

"ದಿನಾ ನೆನಪಾಗ್ತೈತಿ" ಎಂದಳು. "ಯಾರ ಮುಂದ ಹೇಳಲಿ? ಆಕಿಗೆ ಹೇಳಿದ್ರ ಬ್ಯಾಸರ ಮಾಡ್ಕೋತಾಳ." ಒಂದು ಕಲ್ಲು ಎತ್ತಿ ಹೊರಗೆ ಹಾಕಿದಳು. "ಆದರ ಈಗ ಆಕಿ ಹೇಳಿದ್ದು ನಂಬತೀನಿ ನಾನು. ಆಗ ಬರೀ ದನಿ ಕೇಳಸ್ತಿತ್ತು ಅಷ್ಟ."

ಮಗಳು ಈಗ ಒಂದು ಅಚ್ಚಿನ ಮನೆಯಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸದಲ್ಲಿದ್ದಾಳೆ. ಕೆಲವು ಭಾನುವಾರ ಅವಳ ಜೊತೆಯವರು ನಮ್ಮ ಮನೆಗೆ ಬರುತ್ತಾರೆ. ಬಾಗಿಲು ಹಾಕಿದ್ದರೆ ಹೊರಗಿನವರಿಗೆ ಮನೆಯಲ್ಲಿ ಯಾರೂ ಇಲ್ಲ ಎನ್ನಿಸಬೇಕು. ಒಳಗೆ ಎಲ್ಲರೂ ಒಟ್ಟಿಗೆ ಜಗಳವಾಡುತ್ತಿರುತ್ತಾರೆ, ಯಾರದೋ ಮದುವೆಯದೋ, ಯಾರದೋ ಮ್ಯಾನೇಜರನದೋ ಕಥೆ ನಡೆದಿರುತ್ತದೆ. ತಟ್ಟೆಯಲ್ಲಿ ಅನ್ನ ಆರುತ್ತಿರುತ್ತದೆ, ಏಕೆಂದರೆ ಉಣ್ಣುವ ಕೈಯೇ ಮಾತಾಡುವ ಕೈ. ಹೆಂಡತಿ ಸಾರಿನ ಸೌಟು ಕೆಳಗಿಟ್ಟು, ನಡುವೆ ನುಗ್ಗಿ, ಮೊದಲು ಉಣ್ಣಿರಿ ಎಂದು ಎರಡು ಕೈಯಲ್ಲೂ ಬೈಯುತ್ತಾಳೆ. ನಾನು ಮೂಲೆಯಲ್ಲಿ ಕೂತು, ಅವರಾಡುವುದರಲ್ಲಿ ಅರ್ಧ ಹಿಡಿಯುತ್ತೇನೆ, ಅರ್ಧ ತಪ್ಪಿಹೋಗುತ್ತದೆ.